ತೂಕಕ್ಕೆ ಹಣ ಕೊಟ್ಟರೆ ಕಸ ಬೇರ್ಪಡುವುದಿಲ್ಲ

ಮಾನ್ಯ ಸಂಪಾದಕರೇ,

ಮನೆಗಳಿಂದ ಮರುಬಳಕೆಯ ಒಣ ಕಸವನ್ನು ಸಂಗ್ರಹಿಸುವ ವ್ಯವಸ್ಥೆಯನ್ನು ಸುಧಾರಿಸಲು ಸ್ಥಳೀಯ ಸಂಸ್ಥೆಗಳು ಸಭೆ ಸೇರಿದಾಗ ನಡಾವಳಿಯಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಮೂರು ಠರಾವುಗಳು: ಮನೆಗೊಂದು ಹೊಸ ಬುಟ್ಟಿ, ಇನ್ನಷ್ಟು ವಾಹನಗಳು ಮತ್ತು ಕಸ ಬೇರ್ಪಡಿಸದವರಿಗೆ ದಂಡ. ಮೊದಲ ಎರಡಕ್ಕೆ ನನ್ನ ತಕರಾರಿಲ್ಲ; ಮೂರನೆಯದರ ಬಗ್ಗೆ ಮುಂದೆ ಹೇಳುತ್ತೇನೆ. ಆದರೆ ಈ ಠರಾವುಗಳ ಬೆನ್ನಿಗೇ ಸಿದ್ಧವಾಗುವ ಗುತ್ತಿಗೆ ಕರಾರಿನಲ್ಲಿ ಗುತ್ತಿಗೆದಾರರಿಗೆ ಯಾವ ಲೆಕ್ಕದ ಮೇಲೆ ಹಣ ಸಂದಾಯವಾಗಬೇಕು ಎಂಬ ಷರತ್ತಿನ ಬಗ್ಗೆ ಸಾರ್ವಜನಿಕವಾಗಿ ಚರ್ಚೆ ನಡೆಯುವುದು ಅಪರೂಪ. ಸೇವೆಯ ಗುಣಮಟ್ಟವನ್ನು ನಿರ್ಧರಿಸುವುದು ಬುಟ್ಟಿಯ ಬಣ್ಣಕ್ಕಿಂತ ಹೆಚ್ಚಾಗಿ ಈ ಒಂದು ಷರತ್ತು ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಸದಸ್ಯರ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ.

ಸಾಗಿಸಿದ ಕಸದ ಟನ್ ಲೆಕ್ಕದಲ್ಲಿ ಹಣ ಕೊಡುವುದು ಆಡಳಿತಕ್ಕೆ ಸುಲಭ. ತೂಕದ ಸೇತುವೆಯ ಮೇಲೆ ವಾಹನ ನಿಲ್ಲುತ್ತದೆ, ಚೀಟಿ ಬರುತ್ತದೆ, ಬಿಲ್ಲು ಮಂಜೂರಾಗುತ್ತದೆ. ಆದರೆ ಚೀಟಿಯಲ್ಲಿ ತೂಕ ಮಾತ್ರ ಇರುತ್ತದೆ, ವಾಹನದೊಳಗೆ ಏನಿದೆ ಎಂಬುದು ಇರುವುದಿಲ್ಲ. ಒಣಗಿದ ಕಾಗದಕ್ಕಿಂತ ನೆನೆದ ಕಾಗದ ಹೆಚ್ಚು ತೂಗುತ್ತದೆ. ಖಾಲಿ ಬಾಟಲಿಗಿಂತ ಅರ್ಧ ತುಂಬಿದ ಬಾಟಲಿ ಹೆಚ್ಚು ತೂಗುತ್ತದೆ. ಒಣ ಕಸದೊಳಗೆ ಹಸಿ ಕಸ ಸೇರಿದಷ್ಟೂ ಬಿಲ್ಲಿನ ಮೊತ್ತ ಏರುತ್ತದೆ. ಮನೆಯವರು ತೊಳೆದು, ಒಣಗಿಸಿ, ಬೇರೆಯಾಗಿ ಇಟ್ಟ ವಸ್ತುಗಳು ಈ ಲೆಕ್ಕದಲ್ಲಿ ಗುತ್ತಿಗೆದಾರನಿಗೆ ನಷ್ಟದ ಬಾಬತ್ತು. ಬೇರ್ಪಡಿಸಿ ಇಟ್ಟಿದ್ದ ಎರಡು ಬುಟ್ಟಿಗಳನ್ನು ವಾಹನದ ಒಂದೇ ಗೂಡಿಗೆ ಸುರಿದದ್ದನ್ನು ನಾನೂ ಕಣ್ಣಾರೆ ಕಂಡಿದ್ದೇನೆ, ತಮ್ಮ ಓದುಗರಲ್ಲಿ ಅನೇಕರೂ ಕಂಡಿರಬಹುದು. ಆ ಕ್ಷಣದಲ್ಲಿ ಸಿಟ್ಟು ಬರುವುದು ಬುಟ್ಟಿ ಎತ್ತಿದ ಕಾರ್ಮಿಕರ ಮೇಲೆ. ಆದರೆ ಅವರಿಗೆ ಹಾಗೆ ಮಾಡಲು ಬಿಟ್ಟದ್ದು, ಅಷ್ಟೇಕೆ, ಹಾಗೆ ಮಾಡಿದರೇ ಲಾಭವೆಂದು ಏರ್ಪಡಿಸಿದ್ದು ಕಾಗದದ ಮೇಲಿನ ಕರಾರು.

ಬೆರಕೆಯಾದ ಕಸವನ್ನು ಆಮೇಲೆ ಯಂತ್ರಗಳು ಬೇರ್ಪಡಿಸಿಕೊಳ್ಳುತ್ತವೆ ಎಂಬ ಸಮಜಾಯಿಷಿ ಸಭೆಗಳಲ್ಲಿ ಕೇಳಿಬರುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ವಿಂಗಡಣಾ ಕೇಂದ್ರದಲ್ಲಿ ಕಬ್ಬಿಣವನ್ನು ಅಯಸ್ಕಾಂತ ಎಳೆದುಕೊಳ್ಳುತ್ತದೆ, ಅಲ್ಯೂಮಿನಿಯಂ ಡಬ್ಬಿಗಳನ್ನು ವಿದ್ಯುತ್ ಸುಳಿಯ ಬಲದಿಂದ ಪಕ್ಕಕ್ಕೆ ಚಿಮ್ಮಿಸಲಾಗುತ್ತದೆ, ಪ್ಲಾಸ್ಟಿಕ್‌ನ ಬಗೆಗಳನ್ನು ಅವು ಪ್ರತಿಫಲಿಸುವ ಅವಕೆಂಪು ಬೆಳಕಿನಿಂದ ಗುರುತಿಸಲಾಗುತ್ತದೆ. ಆದರೆ ಇಂಗಾಲದ ಕಪ್ಪು ಬಣ್ಣ ಬೆರೆಸಿದ ಪ್ಲಾಸ್ಟಿಕ್ ಆ ಬೆಳಕನ್ನು ಹೀರಿಕೊಳ್ಳುವುದರಿಂದ ಸಾಮಾನ್ಯ ಯಂತ್ರದ ಕಣ್ಣಿಗೆ ಬೀಳುವುದೇ ಇಲ್ಲ. ತೆಳು ಚೀಲಗಳು ಉರುಳುಗಳಿಗೆ ಸುತ್ತಿಕೊಂಡು ಕೆಲಸವನ್ನೇ ನಿಲ್ಲಿಸುತ್ತವೆ. ವಾಹನದಲ್ಲಿ ಒತ್ತಡಕ್ಕೆ ಸಿಕ್ಕಿ ಪುಡಿಯಾದ ಗಾಜಿನ ಚೂರುಗಳು ಕಾಗದದೊಳಗೆ ಹೊಕ್ಕರೆ ಯಾವ ಯಂತ್ರವೂ ಅವನ್ನು ಪೂರ್ತಿಯಾಗಿ ಹೊರತೆಗೆಯಲಾರದು. ಅಂಥ ಕಾಗದವನ್ನು ಕಾಗದದ ಕಾರ್ಖಾನೆಯೂ ಒಲ್ಲೆನ್ನುತ್ತದೆ. ಜಿಡ್ಡು ಅಂಟಿದ ರಟ್ಟಿನ ಪಾಡೂ ಅದೇ. ಕಾಗದದ ನಾರು ಪ್ರತಿ ಸಲದ ಮರುಬಳಕೆಯಲ್ಲೂ ಮೋಟಾಗುತ್ತಾ ಹೋಗಿ ಸುಮಾರು 5ರಿಂದ 7 ಸಲಕ್ಕೆ ಮುಗಿದುಹೋಗುವ ವಸ್ತು. ಅದನ್ನು ಮೊದಲ ಸಲವೇ ನೆನೆಸಿ ಹಾಳು ಮಾಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಇನ್ನೊಂದು ಕಡೆ, ಅದಿರಿನಿಂದ ಅಲ್ಯೂಮಿನಿಯಂ ತಯಾರಿಸಲು ಬೇಕಾಗುವ ಶಕ್ತಿಯಲ್ಲಿ ಸುಮಾರು ಶೇ 95ರಷ್ಟು ಹಳೆಯ ಡಬ್ಬಿಗಳನ್ನು ಕರಗಿಸಿದಾಗ ಉಳಿಯುತ್ತದೆ; ಆದರೂ ತೂಕದ ಲೆಕ್ಕದಲ್ಲಿ ಹಗುರವಾದ ಆ ಡಬ್ಬಿಗೆ ಬೆಲೆ ಕಡಿಮೆ.

ಈ ಅಸಡ್ಡೆ ಬಹುಕಾಲ ಹೊರಗೆ ಕಾಣದೆ ನಡೆದದ್ದಕ್ಕೆ ಕಾರಣ, ಶ್ರೀಮಂತ ದೇಶಗಳ ಬೆರಕೆ ಕಸವನ್ನು ಕೊಳ್ಳುವವರು ದೂರದಲ್ಲೊಬ್ಬರಿದ್ದರು. 2017ರಲ್ಲಿ ಚೀನಾ 24 ಬಗೆಯ ತ್ಯಾಜ್ಯಗಳ ಆಮದನ್ನು ನಿಲ್ಲಿಸುವುದಾಗಿ ಪ್ರಕಟಿಸಿತು; ಮನೆಗಳ ಪ್ಲಾಸ್ಟಿಕ್ ಮತ್ತು ವಿಂಗಡಿಸದ ಕಾಗದ ಎರಡೂ ಆ ಪಟ್ಟಿಯಲ್ಲಿದ್ದವು. 2018ರಲ್ಲಿ ನಿಷೇಧ ಜಾರಿಗೆ ಬಂತು, ಉಳಿದ ಅನೇಕ ವಸ್ತುಗಳಲ್ಲಿ ಬೆರಕೆ ಶೇ 0.5ನ್ನು ಮೀರಬಾರದೆಂಬ ಮಿತಿಯೂ ಬಂತು. ಬಂದರುಗಳಲ್ಲಿ ಕಟ್ಟುಗಳು ರಾಶಿ ಬಿದ್ದವು. ಎಷ್ಟೋ ಊರುಗಳಲ್ಲಿ ಜನ ಜೋಪಾನವಾಗಿ ಬೇರ್ಪಡಿಸಿಕೊಟ್ಟದ್ದನ್ನೇ ಹೂಳಬೇಕಾಯಿತು, ಇಲ್ಲವೇ ಸುಡಬೇಕಾಯಿತು. ಸಂಗ್ರಹವಾದ ಟನ್‌ಗಳೆಲ್ಲ ಮರುಬಳಕೆಯಾದ ಟನ್‌ಗಳಲ್ಲ ಎಂಬುದು ಆಗ ಬಯಲಾಯಿತು. ಸ್ಥಳೀಯ ಸಂಸ್ಥೆಗಳ ವಾರ್ಷಿಕ ವರದಿಗಳು ಮಾತ್ರ ಇಂದಿಗೂ ಇವೆರಡನ್ನು ಒಂದೇ ಅಂಕಣದಲ್ಲಿ ತುಂಬುವ ಅಭ್ಯಾಸವನ್ನು ಪೂರ್ತಿ ಬಿಟ್ಟಿಲ್ಲ.

ಬ್ರಿಟನ್ನಿನ ಭಾಗವಾದ ವೇಲ್ಸ್ ಬೇರೆ ದಾರಿ ಹಿಡಿಯಿತು. 1990ರ ದಶಕದ ಕೊನೆಯಲ್ಲಿ ಅಲ್ಲಿ ಮರುಬಳಕೆಯ ಪ್ರಮಾಣ ಶೇ 5ರ ಆಸುಪಾಸಿನಲ್ಲಿತ್ತು. ಈಗ ಅದು ಶೇ 65ನ್ನು ದಾಟಿದೆ. 2010ರಲ್ಲಿ ಮಾಡಿದ ಕಾನೂನು ಸ್ಥಳೀಯ ಸಂಸ್ಥೆಗಳಿಗೇ ಗುರಿ ನಿಗದಿಪಡಿಸಿ, ಗುರಿ ಮುಟ್ಟದ ಸಂಸ್ಥೆಗೆ ದಂಡ ವಿಧಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ದಂಡ ಮನೆಯವರಿಗಿಂತ ಮೊದಲು ಆಡಳಿತದ ಬಾಗಿಲಿಗೆ ಬಂದದ್ದನ್ನು ಗಮನಿಸಬೇಕು. 2011ರಲ್ಲಿ ಅಲ್ಲಿನ ಸರ್ಕಾರ ಶಿಫಾರಸು ಮಾಡಿದ ಪದ್ಧತಿಯ ಪ್ರಕಾರ ಒಣ ವಸ್ತುಗಳನ್ನು ಮನೆ ಬಾಗಿಲಲ್ಲೇ ವಿಂಗಡಿಸಿ, ವಾಹನದ ಬೇರೆ ಬೇರೆ ಗೂಡುಗಳಿಗೆ ಹಾಕಿ, ವಾರಕ್ಕೊಮ್ಮೆ ಒಯ್ಯಬೇಕು. ಆಹಾರ ತ್ಯಾಜ್ಯವನ್ನೂ ವಾರಕ್ಕೊಮ್ಮೆ ಬೇರೆಯಾಗಿ ಒಯ್ಯಬೇಕು. ಉಳಿಕೆ ಕಸದ ವಾಹನ ಮಾತ್ರ ಅದಕ್ಕಿಂತ ವಿರಳವಾಗಿ ಬರಬೇಕು. ಇದರ ಹಿಂದಿನ ತರ್ಕ ಸರಳ. ಎಲ್ಲವನ್ನೂ ನುಂಗುವ ದೊಡ್ಡ ಬುಟ್ಟಿ ದಿನವೂ ಖಾಲಿಯಾಗುತ್ತಿದ್ದರೆ ಬೇರ್ಪಡಿಸುವ ತಾಪತ್ರಯ ಯಾರಿಗೆ ಬೇಕು? ಹೊಸ ಬುಟ್ಟಿ ಹಂಚುವ ಠರಾವಿನ ಜೊತೆಗೆ ಹಳೆಯ ಬುಟ್ಟಿಯ ಗಾತ್ರವನ್ನು, ಅಥವಾ ಅದನ್ನು ಎತ್ತುವ ಸರದಿಯನ್ನು ಕಡಿಮೆ ಮಾಡುವ ಠರಾವೂ ಬಾರದಿದ್ದರೆ ಮನೆಯಲ್ಲಿ ಪ್ಲಾಸ್ಟಿಕ್ ಪಾತ್ರೆಯೊಂದು ಹೆಚ್ಚಾಯಿತು, ಅಷ್ಟೇ.

ಪರವೂರಿನ ಮಾದರಿಗಳನ್ನು ಹೊಗಳುವಾಗ ಕೊಂಚ ಎಚ್ಚರವೂ ಬೇಕು. ಜಪಾನಿನ ಕಾಮಿಕಾತ್ಸು ಎಂಬ ಪುಟ್ಟ ಊರು 2003ರಲ್ಲಿ ಶೂನ್ಯ ತ್ಯಾಜ್ಯದ ಸಂಕಲ್ಪ ಘೋಷಿಸಿ, 40ಕ್ಕೂ ಹೆಚ್ಚು ಬಗೆಯಾಗಿ ಕಸ ವಿಂಗಡಿಸಿ, ಸುಮಾರು ಶೇ 80ರಷ್ಟನ್ನು ಮರುಬಳಕೆಗೆ ಕಳಿಸುವುದನ್ನು ಭಾಷಣಗಳಲ್ಲಿ ಉದಾಹರಿಸುವವರು, ಅಲ್ಲಿ ಮನೆ ಮನೆಗೆ ಕಸದ ವಾಹನವೇ ಬರುವುದಿಲ್ಲ, ಜನರೇ ಕೇಂದ್ರಕ್ಕೆ ಹೊತ್ತು ತರುತ್ತಾರೆ, ಊರಿನ ಜನಸಂಖ್ಯೆ 2,000ವನ್ನೂ ಮುಟ್ಟುವುದಿಲ್ಲ ಎಂಬುದನ್ನು ಹೇಳಲು ಮರೆಯುತ್ತಾರೆ. ದೊಡ್ಡ ನಗರಗಳಿಗೆ ತೈವಾನಿನ ರಾಜಧಾನಿ ತೈಪೆ ಹೆಚ್ಚು ಹತ್ತಿರದ ಪಾಠ. ಅಲ್ಲಿ 2000ದಿಂದ ಉಳಿಕೆ ಕಸವನ್ನು ನಿಗದಿತ ಚೀಲ ಕೊಂಡು ಅದರಲ್ಲೇ ಹಾಕಿ ಕೊಡಬೇಕು. ಮರುಬಳಕೆಯ ವಸ್ತುಗಳಿಗೆ ಚೀಲ ಕೊಳ್ಳಬೇಕಾಗಿಲ್ಲ. ಕಸದ ವಾಹನ ಗೊತ್ತಾದ ಹೊತ್ತಿಗೆ ಸಂಗೀತ ನುಡಿಸುತ್ತಾ ಬರುತ್ತದೆ, ಅದರ ಹಿಂದೆಯೇ ಮರುಬಳಕೆಯ ವಾಹನವೂ ಬರುತ್ತದೆ. ಹೇಳಿದ ದಿನ, ಹೇಳಿದ ಹೊತ್ತಿಗೆ ಬರುವ ವಾಹನ ಹತ್ತು ಜಾಗೃತಿ ಜಾಥಾಗಳಿಗೆ ಸಮ ಎಂಬುದು ನನ್ನ ಅಭಿಪ್ರಾಯ. ಎರಡು ವಾರ ತಪ್ಪಿಸಿಕೊಂಡ ವಾಹನಕ್ಕಾಗಿ ತೊಳೆದ ಡಬ್ಬಿಗಳನ್ನು ಮೂಲೆಯಲ್ಲಿ ಪೇರಿಸಿಟ್ಟುಕೊಂಡ ಮನೆಯವರು ಮೂರನೆಯ ವಾರ ಅವನ್ನು ಯಾವುದೋ ಬುಟ್ಟಿಗೆ ತುಂಬಿದರೆ ಅವರನ್ನು ದೂರುವುದು ಕಷ್ಟ.

ದಂಡದ ಮೇಲೆ ನನಗಿರುವ ಅನುಮಾನವೂ ಇದೇ ಕಾರಣದ್ದು. ಹತ್ತಾರು ಮನೆಗಳು ಒಂದೇ ತೊಟ್ಟಿಗೆ ಕಸ ಹಾಕುವ ಬಹುಮಹಡಿ ಕಟ್ಟಡದಲ್ಲಿ ತಪ್ಪು ಯಾರದೆಂದು ಪತ್ತೆ ಹಚ್ಚುವಂತಿಲ್ಲ. ಕೊನೆಗೆ ದಂಡ ಬೀಳುವುದು ಬುಟ್ಟಿಯನ್ನು ಬಾಗಿಲ ಮುಂದೆ ಇಡುವ, ಅಂದರೆ ಸುಲಭವಾಗಿ ಕೈಗೆ ಸಿಗುವ ಮನೆಯವರಿಗೆ. ಬೆರಕೆಯಾದ ಬುಟ್ಟಿಯನ್ನು ಎತ್ತದೆ, ಅದರಲ್ಲಿ ಯಾವ ವಸ್ತು ಇರಬಾರದಿತ್ತು ಎಂದು ಗುರುತು ಹಾಕಿದ ಚೀಟಿಯನ್ನು ಅಂಟಿಸಿ ಹೋಗುವ ಕ್ರಮವನ್ನು ಮೊದಲು ಪ್ರಯತ್ನಿಸಬೇಕು. ಬಹುಪಾಲು ಜನ ಕೆಡುಕಿನಿಂದಲ್ಲ, ಇದೂ ಮರುಬಳಕೆಯಾದೀತು ಎಂಬ ಒಳ್ಳೆಯ ಆಸೆಯಿಂದಲೇ ತಪ್ಪು ವಸ್ತುವನ್ನು ಹಾಕುತ್ತಾರೆ. ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಮೂರನ್ನೂ ಪದರ ಪದರವಾಗಿ ಅಂಟಿಸಿದ ಪಾನೀಯದ ಪೊಟ್ಟಣ ಯಾವ ಬುಟ್ಟಿಗೆ ಸೇರಬೇಕೆಂದು, ನಿಜ ಹೇಳಬೇಕೆಂದರೆ, ದಂಡದ ಠರಾವಿಗೆ ಕೈ ಎತ್ತಿದ ಸದಸ್ಯರಿಗೂ ಗೊತ್ತಿರಲಿಕ್ಕಿಲ್ಲ.

ಬ್ಯಾಟರಿಗಳ ವಿಷಯ ಮಾತ್ರ ಬೇರೆ. ಅಲ್ಲಿ ಸಡಿಲಿಕೆ ಸಲ್ಲದು. ಲಿಥಿಯಂ ಬ್ಯಾಟರಿ ವಾಹನದಲ್ಲಿ ಜಜ್ಜಿಹೋದರೆ ಬೆಂಕಿ ಹೊತ್ತಿಕೊಳ್ಳುತ್ತದೆ, ಸುತ್ತಲೂ ಒಣ ಕಾಗದವಿದ್ದರಂತೂ ಕೇಳುವುದೇ ಬೇಡ. ಬ್ಯಾಟರಿ, ಸೂಜಿ, ಒಡೆದ ಗಾಜು ಇವುಗಳಿಗೆ ಪ್ರತ್ಯೇಕ ಏರ್ಪಾಡಿಲ್ಲದ ಯಾವ ಸುಧಾರಣೆಯೂ ಅದರ ಬೆಲೆಯನ್ನು ಪೌರಕಾರ್ಮಿಕರ ಕೈಬೆರಳುಗಳಿಂದ ವಸೂಲು ಮಾಡುತ್ತದೆ. ವಾಹನದ ಹಿಂದೆ ನಡೆಯುವವರನ್ನು ಒಮ್ಮೆಯೂ ಕೇಳದೆ ಬುಟ್ಟಿಯ ಎತ್ತರ, ಗೂಡುಗಳ ಸಂಖ್ಯೆ, ಬೀದಿಗಳ ಸರದಿ ಇವನ್ನೆಲ್ಲ ಕಚೇರಿಯಲ್ಲೇ ಕುಳಿತು ತೀರ್ಮಾನಿಸುವುದು ಏಕೆಂದು ನನಗೆ ಅರ್ಥವಾಗಿಲ್ಲ.

ಇಷ್ಟಕ್ಕೆಲ್ಲ ಹಣ ಎಲ್ಲಿಂದ ಎಂಬ ಪ್ರಶ್ನೆ ಸಹಜ. ಜರ್ಮನಿ 1991ರಲ್ಲೇ ಪೊಟ್ಟಣಗಳನ್ನು ಮಾರುಕಟ್ಟೆಗೆ ಬಿಟ್ಟವರೇ ಅವುಗಳನ್ನು ಹಿಂದಕ್ಕೆ ಪಡೆಯುವ ಹೊಣೆ ಹೊರಬೇಕೆಂದು ನಿಯಮ ಮಾಡಿತು. ಅಂಥ ಕಾನೂನು ಮಾಡುವುದು ಸ್ಥಳೀಯ ಸಂಸ್ಥೆಯ ಕೈಯಲ್ಲಿಲ್ಲ, ನಿಜ. ಆದರೆ ತಾನು ಬರೆಯುವ ಕರಾರು ಅದರ ಕೈಯಲ್ಲೇ ಇದೆ. ಮುಂದಿನ ಟೆಂಡರ್ ಕರೆಯುವ ಮೊದಲು, ಹಣದ ಒಂದು ಪಾಲನ್ನು ನಿಗದಿತ ದಿನದಂದು ತಲುಪಿದ ಮನೆಗಳ ಲೆಕ್ಕಕ್ಕೂ, ಇನ್ನೊಂದು ಪಾಲನ್ನು ಕಾರ್ಖಾನೆಗಳು ಒಪ್ಪಿಕೊಂಡ ಶುದ್ಧ ವಸ್ತುವಿನ ರಸೀದಿಗೂ ಕಟ್ಟಬೇಕೆಂದು ಸದಸ್ಯರು ಒತ್ತಾಯಿಸಲಿ. ಯಾವ ವಸ್ತು ಎಷ್ಟು ಸಂಗ್ರಹವಾಯಿತು, ಎಷ್ಟು ತಿರಸ್ಕೃತವಾಯಿತು, ಉಳಿದದ್ದು ಎಲ್ಲಿಗೆ ಹೋಯಿತು ಎಂಬ ಪಟ್ಟಿಯನ್ನು ಪ್ರತಿ ತಿಂಗಳೂ ಕಚೇರಿಯ ಸೂಚನಾ ಫಲಕದಲ್ಲಿ ಹಾಕಲಿ. ತಿರಸ್ಕೃತವಾದದ್ದರ ಅಂಕಣವನ್ನು ಮಾತ್ರ ಖಾಲಿ ಬಿಡುವುದು ಬೇಡ.

ಇತಿ,
ಒಬ್ಬ ಓದುಗ