ಬೆಟ್ಟದ ಓಟಕ್ಕೆ ಅವಸರ ಬೇಡ

ಮಾನ್ಯರೇ,

ಮಳೆ ನಿಂತರೆ ಸಾಕು, ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟದ ದಾರಿಗಳಲ್ಲಿ ಓಡಲು ನಾವು ಬೆಂಗಳೂರಿನವರು ಹೊರಡುತ್ತೇವೆ. ದಯವಿಟ್ಟು ಕಬ್ಬನ್ ಪಾರ್ಕಿನ ವೇಗವನ್ನೇ ಅಲ್ಲೂ ಹಿಡಿಯಬೇಡಿ. ಮ್ಯಾರಥಾನ್‌ನ 42.195 ಕಿ.ಮೀ. ಎರಡೂ ಕಡೆ ಒಂದೇ, ಆದರೆ ಕಾಲಿಗೆ ಒಂದೇ ಅಲ್ಲ ಅಲ್ವಾ? ಕಡಿದಾದ ಏರಿನಲ್ಲಿ ಸುಮ್ನೆ ನಡೆಯಿರಿ. ಪಕ್ಕದವರ ಜತೆ ಮಾತಾಡಲು ಉಸಿರು ಸಾಲದಿದ್ದರೆ ವೇಗ ಜಾಸ್ತಿಯಾಗಿದೆ ಎಂದೇ ಅರ್ಥ.

ನನ್ನನ್ನು ಸೋಲಿಸಿದ್ದು ಇಳಿಜಾರು. ಮೊದಲ ಸಲ ಉದ್ದುದ್ದ ಹೆಜ್ಜೆ ಹಾಕಿ ಇಳಿದು, 30ನೇ ಕಿಲೋಮೀಟರಿಗೆ ತೊಡೆ ನಡುಗಿ, ಸಿಲ್ವರ್ ಓಕ್ ಮರ ಹಿಡಿದು ನಿಂತಿದ್ದೆ, ಶೂ ತುಂಬಾ ಕೆಂಪು ಮಣ್ಣು. ಆಮೇಲೆ 3 ತಿಂಗಳು ವಾರಕ್ಕೊಮ್ಮೆ ನಂದಿ ಬೆಟ್ಟ ಹತ್ತಿದೆ, ಚಿಕ್ಕ ಹೆಜ್ಜೆಯಲ್ಲಿ ಇಳಿಯುವುದನ್ನೂ ಕಲಿತೆ. ಹೊಸ ಶೂ ಓಟದ ದಿನವೇ ಹಾಕಬೇಡಿ. ಮತ್ತೆ, ಓಡುವಾಗ ಶಕ್ತಿಗೆಂದು ಕುಡಿದ ಜೆಲ್‌ನ ಕವರನ್ನು ತೋಟದಲ್ಲಿ ಎಸೆಯಬೇಡಿ, ಹಸು ತಿನ್ನುತ್ತದೆ.

– ಓಟಗಾರ ಓದುಗ, ಬೆಂಗಳೂರು