ಲೋಟಕ್ಕೆ ಅಂಟದ ಆಯಸ್ಕಾಂತ

ಮಾನ್ಯ ಸಂಪಾದಕರೇ,

ದಾವಣಗೆರೆಯಲ್ಲಿ ಮೂವತ್ತೆರಡು ವರ್ಷಗಳಿಂದ ಪಾತ್ರೆ ಅಂಗಡಿ ನಡೆಸಿಕೊಂಡು ಬಂದಿರುವ ನಾನು ಶಿಕ್ಷಕನಲ್ಲ; ವಿಜ್ಞಾನ ಓದಿದ್ದೂ ಪಿಯುಸಿಯವರೆಗೆ ಮಾತ್ರ. ಆದರೂ ಮಕ್ಕಳಿಗೆ ದಿನಬಳಕೆಯ ವಸ್ತುಗಳ ಗುಣಗಳನ್ನು ಕಲಿಸುವ ರೀತಿಯ ಬಗ್ಗೆ ಈ ಪತ್ರ ಬರೆಯುವಂತೆ ಮಾಡಿದವಳು ಆರನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು.

ವಸ್ತುಗಳನ್ನು ಹೊಳಪು, ಗಡಸುತನ, ಪಾರದರ್ಶಕತೆ, ನೀರಿನಲ್ಲಿ ಕರಗುವಿಕೆ ಮುಂತಾದ ಗುಣಗಳ ಮೇಲೆ ವಿಂಗಡಿಸುವ ಪಾಠ ಅವಳಿಗಿದೆ. ನೋಟ್ಸಿನಲ್ಲಿ ಎರಡು ಕಾಲಂ ಎಳೆದು, ಆಯಸ್ಕಾಂತಕ್ಕೆ ಅಂಟುವ ವಸ್ತುಗಳ ಕೆಳಗೆ ಕಬ್ಬಿಣ, ಸ್ಟೀಲ್, ನಿಕಲ್ ಎಂದು ಬರೆಸಿದ್ದರು. ಹಳೆಯ ರೇಡಿಯೊ ಸ್ಪೀಕರಿನಿಂದ ಬಿಚ್ಚಿದ ಆಯಸ್ಕಾಂತವನ್ನು ಹಿಡಿದುಕೊಂಡು ಭಾನುವಾರ ಅಂಗಡಿಗೆ ಬಂದವಳು ಲೋಟ, ತಟ್ಟೆ, ಡಬರಿ ಎಂದು ಸಾಲಾಗಿ ಮುಟ್ಟಿಸುತ್ತ ಹೋದಳು. ಮೂರು ತಟ್ಟೆಗಳಿಗೆ ಗಟ್ಟಿಯಾಗಿ ಅಂಟಿತು, ಲೋಟಗಳಿಗೆ ಅಂಟಲಿಲ್ಲ. ಒಂದು ತಂಬಿಗೆಯ ಹೊಟ್ಟೆಗೆ ಅಂಟದೆ, ಬಗ್ಗಿಸಿದ ಅಂಚಿನ ಹತ್ತಿರ ಮಾತ್ರ ತುಸು ಎಳೆದಂತಾಯಿತು. ‘ಅಜ್ಜಾ, ಇದು ಸ್ಟೀಲ್ ಅಲ್ವಾ?’ ಎಂದು ಕೇಳಿದಳು. ಮರುದಿನ ಶಾಲೆಯಲ್ಲಿಯೂ ಕೇಳಿದ್ದಾಳೆ. ಆಯಸ್ಕಾಂತದ ಶಕ್ತಿ ಹೋಗಿರಬೇಕು, ಪರೀಕ್ಷೆಯಲ್ಲಿ ನೋಟ್ಸಿನಲ್ಲಿ ಇದ್ದಂತೆ ಬರೆ ಎಂಬ ಉತ್ತರ ಸಿಕ್ಕಿದೆ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಪಾಠ ಮುಗಿಸಬೇಕಾದ ಶಿಕ್ಷಕರನ್ನು ನಾನು ದೂರುವುದಿಲ್ಲ, ಆದರೆ ಆ ಪಾಠ ನಿಜವಾಗಿ ಶುರುವಾಗಬೇಕಾಗಿದ್ದದ್ದೇ ಆ ಪ್ರಶ್ನೆಯಿಂದ.

ಕಬ್ಬಿಣಕ್ಕೆ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಸೇರಿದಾಗ ಅದು ತುಕ್ಕು ಹಿಡಿಯದ ಸ್ಟೀಲ್ ಆಗುತ್ತದೆ. ಕ್ರೋಮಿಯಂ ಗಾಳಿಯ ಆಮ್ಲಜನಕದೊಂದಿಗೆ ಸೇರಿ, ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯೊಂದನ್ನು ಮೇಲೆ ಕಟ್ಟುತ್ತದೆ. ಪಾತ್ರೆಯನ್ನು ಎಷ್ಟು ಉಜ್ಜಿದರೂ ಆ ಪೊರೆ ಮತ್ತೆ ಕಟ್ಟಿಕೊಳ್ಳುತ್ತದೆ. ಈ ಸ್ಟೀಲಿಗೆ ಶೇ 8ರ ಆಸುಪಾಸಿನಲ್ಲಿ ನಿಕಲ್ ಬೆರೆಸಿದರೆ ಒಳಗಿನ ಪರಮಾಣುಗಳ ಜೋಡಣೆಯೇ ಬದಲಾಗಿ ಆಯಸ್ಕಾಂತ ಎಳೆಯುವುದಿಲ್ಲ. ಅದೇ ಹಾಳೆಯನ್ನು ಬಡಿದು, ಎಳೆದು, ಮಡಿಸಿದ ಜಾಗದಲ್ಲಿ ಜೋಡಣೆ ಸ್ವಲ್ಪ ಕದಲುವುದರಿಂದ ತಂಬಿಗೆಯ ಅಂಚು ಮಾತ್ರ ಎಳೆಯಿತು. ನಿಕಲ್ ಇಲ್ಲದ ಸ್ಟೀಲಿಗೆ ಸಾಮಾನ್ಯವಾಗಿ ಆಯಸ್ಕಾಂತ ಅಂಟುತ್ತದೆ, ಅದೂ ತುಕ್ಕು ಹಿಡಿಯದ ಸ್ಟೀಲೇ. ಹಿಂದೆಲ್ಲ ಆಯಸ್ಕಾಂತ ಹಿಡಿದು ಬರುತ್ತಿದ್ದ ಗಿರಾಕಿಗಳು ಅಂಟಿದ ಪಾತ್ರೆಯನ್ನು ಕಳಪೆಯೆಂದು ಬದಿಗಿಡುತ್ತಿದ್ದರು; ಆಯಸ್ಕಾಂತ ಅಂಟುವ ಪಾತ್ರೆಯನ್ನಷ್ಟೇ ಕಾಯಿಸುವ ಇಂಡಕ್ಷನ್ ಒಲೆ ಬಂದ ಮೇಲೆ ಅದೇ ಜನ ಅಂಟದ ಪಾತ್ರೆಯನ್ನು ಬೇಡವೆನ್ನುತ್ತಾರೆ. ಎರಡಕ್ಕೂ ಕಾರಣ ಅವರಿಗೆ ಗೊತ್ತಿರುವುದಿಲ್ಲ ಎಂಬುದು ನನ್ನ ಅನುಭವ. ನನಗೂ ಬಹಳ ವರ್ಷ ಗೊತ್ತಿರಲಿಲ್ಲ.

ಗಲ್ಲಾಪೆಟ್ಟಿಗೆಯ ಚಿಲ್ಲರೆಯಲ್ಲೇ ಇನ್ನೊಂದು ಪಾಠವಿದೆ. ಈಗಿನ ಒಂದು ಮತ್ತು ಎರಡು ರೂಪಾಯಿಯ ಸ್ಟೀಲ್ ನಾಣ್ಯಗಳಲ್ಲಿ ಶೇ 83 ಕಬ್ಬಿಣ, ಶೇ 17 ಕ್ರೋಮಿಯಂ ಇರುವುದರಿಂದ ಅವು ಆಯಸ್ಕಾಂತಕ್ಕೆ ಅಂಟುತ್ತವೆ. ಹಳೆಯ ದಪ್ಪನೆಯ ಐದು ರೂಪಾಯಿ ನಾಣ್ಯದಲ್ಲಿ ಶೇ 75 ತಾಮ್ರ, ಶೇ 25 ನಿಕಲ್ ಇದೆ. ನಿಕಲ್ ಅಂಟುವ ಲೋಹವೆಂದು ನೋಟ್ಸು ಹೇಳಿದರೂ ಆ ನಾಣ್ಯ ಅಂಟುವುದಿಲ್ಲ. ಒಂದು ಲೋಹ ಇನ್ನೊಂದರೊಡನೆ ಬೆರೆತಾಗ ಅದರ ಗುಣ ಹಾಗೆಯೇ ಉಳಿಯಬೇಕಾಗಿಲ್ಲ ಎಂಬುದನ್ನು ಮಗು ತನ್ನ ಅಂಗೈಯಲ್ಲೇ ನೋಡಬಹುದು. ಹುಣಸೆಹುಳಿಯಲ್ಲಿ ರಾತ್ರಿಯಿಡೀ ಬಿಟ್ಟ ಹಿತ್ತಾಳೆಯ ದೀಪ ಬೆಳಿಗ್ಗೆ ಅಲ್ಲಲ್ಲಿ ಕೆಂಪಗೆ ಕಾಣುವುದನ್ನು ಮನೆಯ ಹೆಂಗಸರೆಲ್ಲ ಬಲ್ಲರು. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು; ಹುಳಿಗೆ ಸತು ಬೇಗ ಬಿಟ್ಟುಕೊಟ್ಟು ತಾಮ್ರದ ಬಣ್ಣ ಮೇಲೆ ಬರುತ್ತದೆ. ಸಾರು ಮಾಡುವ ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಹಿರಿಯರು ತಪ್ಪದೆ ಕಲಾಯಿ, ಅಂದರೆ ಒಳಗೆ ತವರದ ಲೇಪ, ಹಾಕಿಸುತ್ತಿದ್ದುದೂ ಈ ಹುಳಿಯ ಕಾರಣಕ್ಕೇ. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ತಾಮ್ರಕ್ಕೆ 1085 ಡಿಗ್ರಿ ಬೇಕು. ಆದ್ದರಿಂದಲೇ ಕಲಾಯಿಯವನು ಕಾದ ತಪ್ಪಲೆಗೆ ನವಸಾಗರದ ಪುಡಿ ಎರಚಿ, ಹತ್ತಿಯ ಉಂಡೆಯಿಂದ ತವರವನ್ನು ಬಳಿಯುವಾಗ ತಪ್ಪಲೆಗೆ ಏನೂ ಆಗುವುದಿಲ್ಲ. ಕರಗುವ ಬಿಂದುವಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ನನಗೆ ತಿಳಿದಿಲ್ಲ.

ಪ್ಲಾಸ್ಟಿಕ್ಕಿನ ವಿಷಯದಲ್ಲಂತೂ ‘ಪ್ಲಾಸ್ಟಿಕ್ ಬೇಡ’ ಎಂಬ ಭಿತ್ತಿಪತ್ರ ಬರೆಸಿದರೆ ನಮ್ಮ ಬೋಧನೆ ಮುಗಿಯುತ್ತದೆ. ನೀರಿನ ಬಾಟಲಿಯಿಂದ ಒಂದು ಚೂರು, ಅದರ ಮುಚ್ಚಳದಿಂದ ಒಂದು ಚೂರು ಕತ್ತರಿಸಿ ಬಕೆಟ್ಟಿಗೆ ಹಾಕಿದರೆ ಬಾಟಲಿಯ ಚೂರು ಮುಳುಗುತ್ತದೆ, ಮುಚ್ಚಳದ್ದು ತೇಲುತ್ತದೆ. ಒಂದೇ ವಸ್ತುವೆಂದು ನಾವು ಕೊಳ್ಳುವುದರಲ್ಲಿ ಎರಡು ಬಗೆಯ ಪ್ಲಾಸ್ಟಿಕ್ ಇದೆ. ಟೀ ಕುಡಿದೆಸೆಯುವ ಕಾಗದದ ಲೋಟವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಉಜ್ಜಿದರೆ ಕಾಗದವೆಲ್ಲ ಕಳಚಿ, ಒಳಗಿನ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಕೈಗೆ ಬರುತ್ತದೆ. ಗುಜರಿಯವರು ಇದನ್ನೆಲ್ಲ ಮುಟ್ಟಿಯೇ ಹೇಳಬಲ್ಲರು. ನಮ್ಮ ಮಕ್ಕಳು ಥರ್ಮಾಕೋಲಿನಲ್ಲಿ ಜ್ವಾಲಾಮುಖಿಯ ಮಾದರಿ ಮಾಡಿ ಅಂಕ ಪಡೆಯುತ್ತಾರೆ, ಥರ್ಮಾಕೋಲ್ ಯಾವುದರಿಂದ ಆಗಿದೆ ಎಂದು ಅವರನ್ನು ಯಾರೂ ಕೇಳುವುದಿಲ್ಲ.

ಶಿಕ್ಷಣ ಇಲಾಖೆಗೆ ನನ್ನ ವಿನಂತಿ ದೊಡ್ಡದೇನಲ್ಲ. ವರ್ಷದ ನಡುನಡುವೆ ಅಂಕ ಕೊಡುವ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗಳಲ್ಲಿ ಒಂದನ್ನಾದರೂ, ಮನೆಯಿಂದ ತಂದ ಹತ್ತು ವಸ್ತುಗಳನ್ನು ಮಗುವೇ ಪರೀಕ್ಷಿಸಿ, ಕಂಡದ್ದನ್ನು ಕಂಡಂತೆ ಬರೆಯುವುದಕ್ಕೆ ಮೀಸಲಿಡಬೇಕು. ಆ ಉತ್ತರ ನೋಟ್ಸಿಗಿಂತ ಬೇರೆಯಾಗಿದ್ದರೆ ಅಂಕ ಕಳೆಯಬಾರದು. ವರ್ಷಕ್ಕೊಮ್ಮೆ ಊರಿನ ಕಲಾಯಿಯವರನ್ನೋ ಗುಜರಿ ಅಂಗಡಿಯವರನ್ನೋ ತರಗತಿಗೆ ಕರೆಸಲು ಮುಖ್ಯಶಿಕ್ಷಕರಿಗೆ ಅನುಮತಿಯೂ ಅಲ್ಪಸ್ವಲ್ಪ ಹಣವೂ ಬೇಕು. ಒಲೆ, ಹುಳಿ, ಕತ್ತರಿಯ ಕೆಲಸವನ್ನು ದೊಡ್ಡವರೇ ಮಾಡಿ ತೋರಿಸಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಗಿರಾಕಿಗಳು ಬದಲಿಗೆ ಕೊಟ್ಟು ಹೋದ ಒಡಕು ತಪ್ಪಲೆ, ಹಿಡಿ ಮುರಿದ ಹಿತ್ತಾಳೆ ಸೌಟು, ತೂತುಬಿದ್ದ ಅಲ್ಯೂಮಿನಿಯಂ ಪಾತ್ರೆಗಳು ನನ್ನ ಅಂಗಡಿಯ ಹಿಂಬದಿಯಲ್ಲಿ ಯಾವಾಗಲೂ ಒಂದು ಮೂಟೆಯಷ್ಟು ಇರುತ್ತವೆ. ಹತ್ತಿರದ ಯಾವ ಶಾಲೆಯವರು ಬಂದು ಕೇಳಿದರೂ, ಚೂಪು ಅಂಚುಗಳನ್ನು ಉಜ್ಜಿಸಿ, ಬೇಕಾದಷ್ಟನ್ನು ಹಣ ತೆಗೆದುಕೊಳ್ಳದೆ ಕೊಡುತ್ತೇನೆ.

ಇಂತಿ,
ಒಬ್ಬ ಪಾತ್ರೆ ವ್ಯಾಪಾರಿ, ದಾವಣಗೆರೆ