ಹಲಸಿನಹಣ್ಣು ಎಲ್ಲಿಡುತ್ತೀಯ?

ತೀರ್ಥಹಳ್ಳಿ

ಪ್ರೀತಿಯ ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ಇಲ್ಲಿ ಎಲ್ಲ ಕ್ಷೇಮ. ಅಡಿಕೆಗೆ ಎರಡನೇ ಸಲದ ಔಷಧಿ ಹೊಡೆಸಬೇಕು, ಮಳೆ ಬಿಡುವು ಕೊಡುತ್ತಿಲ್ಲ, ಅಣ್ಣ ದಿನಕ್ಕೆ ಹತ್ತು ಸಲ ಅಂಗಳಕ್ಕೆ ಹೋಗಿ ಆಕಾಶ ನೋಡಿ ಬರುತ್ತಾನೆ. ನೀನು ಕಳಿಸಿದ ಹೊಸ ಕಾರಿನ ಕೊಟೇಶನ್ ಎರಡನ್ನೂ ನೋಡಿದೆ, ಎಕ್ಸೆಲ್ ಶೀಟನ್ನೂ ನೋಡಿದೆ. ಫೋನಿನಲ್ಲಿ ಹೇಳಿದರೆ "ಹ್ಞೂಂ ಅತ್ತೆ" ಎಂದು ಮೀಟಿಂಗಿಗೆ ಓಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಶೀಟಿನಲ್ಲಿ ನಲವತ್ತೆರಡು ಸಾಲು ಇದೆ ಮಾರಾಯ. ವೆಂಟಿಲೇಟೆಡ್ ಸೀಟಿಗೆ ಒಂದು ಸಾಲು, ಸನ್‌ರೂಫಿಗೆ ಒಂದು, ಸ್ಪೀಕರಿಗೆ ಎರಡು. ನಿನ್ನಮ್ಮನ ಮಂಡಿಗೆ ಒಂದೂ ಇಲ್ಲ!

ಕ್ರೆಟಾ ಡೀಸೆಲ್ ಆಟೊಮ್ಯಾಟಿಕ್, ಇಲ್ಲವೇ ಪೆಟ್ರೋಲ್ ಇಂಜಿನ್ನೂ ಬ್ಯಾಟರಿ ಮೋಟರೂ ಇರುವ ಟೊಯೊಟಾ ಹೈರೈಡರ್ ಹೈಬ್ರಿಡ್. ಆನ್‌ರೋಡ್ ವ್ಯತ್ಯಾಸ ಮೂವತ್ತು ಸಾವಿರವೂ ಇಲ್ಲ. ಕಾಗದದ ಮೇಲೆ ಶಕ್ತಿಯೂ ಒಂದೇ, ಎರಡೂ 116 ಪಿಎಸ್. ಹಾಗಂತ ಎರಡೂ ಒಂದೇ ಜಾತಿಯ ಗಾಡಿ ಅಂದುಕೊಳ್ಳಬೇಡ. ಒಂದೇ ಜಾತಿ ಅಂದರೆ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ. ಅವೆರಡೂ ಬಿಡದಿಯ ಟೊಯೊಟಾ ಕಾರ್ಖಾನೆಯಿಂದಲೇ ಹೊರಬಂದ ಅಕ್ಕತಂಗಿಯರು, ಬೊಟ್ಟು ಮಾತ್ರ ಬೇರೆ. ಶೀಟಿನಲ್ಲಿ ವಿಟಾರಾಕ್ಕೂ ಒಂದು ಕಾಲಂ ಹಾಕಿಕೋ. ಹೈರೈಡರಿಗೆ ಆರು ತಿಂಗಳು ಕಾಯಿಸುತ್ತಾರೆಂದರೆ ಅಲ್ಲಿ ವಿಚಾರಿಸು. ಊರಿನ ಕಡೆ ಮಾರುತಿ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಸಿಗುವುದೂ ಸುಲಭ.

ಈಗ ಒಂದು ಪ್ರಶ್ನೆ. ಈ ಗಾಡಿ ಓಡುವುದೆಲ್ಲಿ? ನೀನು ಬರೆದಿದ್ದೀಯ, "ಊರಿಗೆ ಬರೋಕೆ, ಆಗುಂಬೆ ಘಾಟಿಗೆ ಡೀಸೆಲ್ ಬೇಕು ಅತ್ತೆ" ಅಂತ. ಹೋದ ವರ್ಷ ಎಷ್ಟು ಸಲ ಊರಿಗೆ ಬಂದೆ? ಮೂರು. ಅದರಲ್ಲಿ ಆಗುಂಬೆ ಇಳಿದು ಉಡುಪಿಗೆ ಹೋದದ್ದು ಒಂದು ಸಲ. ಹದಿನಾಲ್ಕು ತಿರುವಿಗಾಗಿ ವರ್ಷವಿಡೀ ಡೀಸೆಲ್ ಸಾಕುತ್ತೀಯಾ? ಉಳಿದ ದಿನವೆಲ್ಲ ನೀನು ಹೆಬ್ಬಾಳದ ಫ್ಲೈಓವರ್ ಮೇಲೆ ಬ್ರೇಕಿನ ಮೇಲೆ ಕಾಲಿಟ್ಟು ಕೂತಿರುವವನು.

ಡೀಸೆಲ್ ಕೆಟ್ಟದ್ದಲ್ಲ. 250 ಎನ್‌ಎಂ ಟಾರ್ಕ್ ಇದೆ, ಅಂದರೆ ಎಳೆಯುವ ಬಲ, ಐದು ಜನ ತುಂಬಿ ಏರು ಹತ್ತಿಸಿದರೂ ಉಬ್ಬಸ ಬರುವುದಿಲ್ಲ. ಹೈರೈಡರ್ ಹೈಬ್ರಿಡ್ಡಿನದು ಮೂರು ಸಿಲಿಂಡರಿನ ಪೆಟ್ರೋಲ್ ಇಂಜಿನ್, ಏರಿನಲ್ಲಿ ಒತ್ತಿದರೆ ಗೊರಗೊರ ಎನ್ನುತ್ತದೆ. ಆದರೆ ಬಿಎಸ್ 6 ಎಂಬ ಹೊಗೆ ನಿಯಮದ ಡೀಸೆಲ್ಲಿಗೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಇರುತ್ತದೆ. ಗಾಡಿ ಆಗಾಗ ಒಂದಿಷ್ಟು ಹೊತ್ತು ವೇಗವಾಗಿ ಓಡಿ ಇಂಜಿನ್ ಚೆನ್ನಾಗಿ ಕಾದರೆ ಆ ಮಸಿ ಸುಟ್ಟುಹೋಗುತ್ತದೆ. ಬರೀ ಟ್ರಾಫಿಕ್ಕಿನಲ್ಲಿ ತೆವಳಿದರೆ ಕಟ್ಟಿಕೊಳ್ಳುತ್ತದೆ. ಹೈಬ್ರಿಡ್ ಇದಕ್ಕೆ ಉಲ್ಟಾ. ಬ್ರೇಕ್ ಒತ್ತಿದಾಗ ಬ್ಯಾಟರಿ ತುಂಬಿಕೊಳ್ಳುತ್ತದೆ, ಸಿಗ್ನಲ್ಲಿನಲ್ಲಿ ಇಂಜಿನ್ ತಾನೇ ಮಲಗುತ್ತದೆ, ತೆವಳುವಾಗ ಮೋಟರಿನಲ್ಲೇ ಸಾಗುತ್ತದೆ. ಪ್ಲಗ್ ಹಾಕಿ ಚಾರ್ಜ್ ಮಾಡುವ ರಗಳೆ ಇಲ್ಲ. ಬ್ಯಾಟರಿ ಹೋದರೆ ಗತಿಯೇನು ಅಂತ ನಿನ್ನಪ್ಪ ಹೆದರಿಸುತ್ತಾನೆ, ಅದಕ್ಕೆ ಕಂಪನಿ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತದೆ ಅಂತ ಹೇಳು.

ಇನ್ನು ಮೈಲೇಜು. ಹೈರೈಡರ್ ಬ್ರೋಷರಿನ ಲೀಟರಿಗೆ 27.97 ಕಿ.ಮೀ. ನಂಬಿ ಲೆಕ್ಕ ಹಾಕಬೇಡ, ಅದು ಪ್ರಯೋಗಶಾಲೆಯ ಅಂಕಿ. ನಿನ್ನ ಓಡಾಟ ತಿಂಗಳಿಗೆ ಸಾವಿರ ಕಿ.ಮೀ. ಹೈಬ್ರಿಡ್ 20 ಕೊಡುತ್ತದೆ, ಡೀಸೆಲ್ ಆ ಟ್ರಾಫಿಕ್ಕಿನಲ್ಲಿ 14 ಕೊಡುತ್ತದೆ ಅಂತ ಹಿಡಿ. ಪೆಟ್ರೋಲ್ 103, ಡೀಸೆಲ್ 91 ರೂಪಾಯಿಯ ಲೆಕ್ಕದಲ್ಲಿ ತಿಂಗಳಿಗೆ ಹೈಬ್ರಿಡ್ಡಿಗೆ 5,150, ಡೀಸೆಲ್ಲಿಗೆ 6,500. ಐದು ವರ್ಷಕ್ಕೆ ಉಳಿಯುವುದು ಎಂಬತ್ತು ಸಾವಿರದ ಹತ್ತಿರ. ಒಳ್ಳೆಯದೇ. ಆದರೆ ನಿನ್ನ ಸಾಲದ ಹಾಳೆ ನೋಡು, ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಕೂತವಳ ಕಣ್ಣು ಹೋಗಿ ನಿಂತದ್ದು ಅಲ್ಲೇ. 15 ಲಕ್ಷ, ಶೇ 9, ಏಳು ವರ್ಷ. ಕಂತು 24,133 ಅಂತ ಹಗುರ ಕಾಣುತ್ತದೆ. ಐದು ವರ್ಷಕ್ಕಾದರೆ 31,138. ಒಟ್ಟು ಬಡ್ಡಿ ಐದು ವರ್ಷಕ್ಕೆ 3.68 ಲಕ್ಷ, ಏಳಕ್ಕೆ 5.27 ಲಕ್ಷ. ಎಂಬತ್ತು ಸಾವಿರ ಉಳಿಸಲು ಎರಡು ತಿಂಗಳು ತಲೆ ಕೆಡಿಸಿಕೊಂಡೆ, ಒಂದೂವರೆ ಲಕ್ಷ ಬಿಡಲು ಒಂದು ಟಿಕ್ ಹಾಕಿದೆ. ಐದು ವರ್ಷದ ಕಂತು ಭಾರ ಎನಿಸಿದರೆ ಗಾಡಿ ಬದಲಿಸುವುದು ಬೇಡ, ಒಂದು ವೇರಿಯಂಟ್ ಕೆಳಗಿಳಿ.

ಕೆಳಗಿಳಿಯಲು ಇನ್ನೊಂದು ಕಾರಣವೂ ಇದೆ. ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ 10ರಿಂದ 20 ಲಕ್ಷದವರೆಗಿನ ಗಾಡಿಗೆ ಶೇ 17, ಅದರಾಚೆ ಶೇ 18, ಮೇಲೆ ಸೆಸ್. ಎಕ್ಸ್‌ಶೋರೂಮ್ ಬೆಲೆ ಒಂದು ಬಣ್ಣಕ್ಕೋ ಸನ್‌ರೂಫಿಗೋ 20 ಲಕ್ಷದ ಗೆರೆ ದಾಟಿದರೆ ಇಡೀ ಬೆಲೆಗೇ ಹೆಚ್ಚಿನ ದರ ಬೀಳುತ್ತದೆ. ಕೊಟೇಶನ್ನಿನಲ್ಲಿ ಟಿಸಿಎಸ್ ಅಂತ ಶೇ 1 ಇದೆಯಲ್ಲ, ಅದು ಮಾರುವವನೇ ನಿನ್ನ ಹೆಸರಲ್ಲಿ ಹಿಡಿದು ಕಟ್ಟುವ ಆದಾಯ ತೆರಿಗೆ, ಹೋದ ದುಡ್ಡಲ್ಲ, ರಿಟರ್ನ್ಸ್ ತುಂಬುವಾಗ ಲೆಕ್ಕಕ್ಕೆ ತೆಗೆದುಕೋ. "ಎಸೆನ್ಷಿಯಲ್ ಕಿಟ್" ಅಂತ ಸೇರಿಸಿದ ಬಿಡಿಸಾಮಾನಿನ ಗಂಟನ್ನು ಹೊಡೆದುಹಾಕಿಸು. ಇನ್ಶೂರೆನ್ಸ್ ಶೋರೂಮಿನಲ್ಲೇ ಮಾಡಿಸಬೇಕೆಂಬ ಕಾನೂನಿಲ್ಲ, ಹೊರಗಿನದೊಂದು ದರ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಕಾಲಿಡು.

ಈಗ ಮುಖ್ಯ ಸಂಗತಿ. ಹೈಬ್ರಿಡ್ಡಿನ ಬ್ಯಾಟರಿ ಹಿಂದೆ ಇರುವುದರಿಂದ ಡಿಕ್ಕಿ ಸಣ್ಣದು. ಕ್ರೆಟಾದ್ದು 433 ಲೀಟರ್, ಹೈರೈಡರ್ ಹೈಬ್ರಿಡ್ಡಿನದು 265. ಲೀಟರಿನಲ್ಲಿ ಹೇಳಿದರೆ ಏನೂ ಅನಿಸುವುದಿಲ್ಲ. ಮೇ ತಿಂಗಳಲ್ಲಿ ನೀನು ಹೊರಟ ದಿನ ನೆನಪು ಮಾಡಿಕೋ. ಎರಡು ಹಲಸಿನಹಣ್ಣು, ಗೋಣಿಯಲ್ಲಿ ಮೂವತ್ತು ತೆಂಗಿನಕಾಯಿ, ಅಪ್ಪೆಮಿಡಿಯ ಭರಣಿ, ಬಾಳೆಎಲೆ ಕಟ್ಟು, ಮಗುವಿನ ಮೂರು ಗಾಲಿ ಸೈಕಲ್ಲು, ಅತ್ತಿಗೆಯ ವಾಕರ್. ಹಳೇ ಕಾರಿನಲ್ಲಿ ಭರಣಿ ಅತ್ತಿಗೆಯ ಕಾಲ ಸಂದಿಗೆ ಬಂತು, ಶಿವಮೊಗ್ಗ ಮುಟ್ಟುವಷ್ಟರಲ್ಲಿ ಮಂಡಿ ಹಿಡಿದುಕೊಂಡಿತು. ನಿನಗೆ ಹೇಳಲಿಲ್ಲ, ರಾತ್ರಿ ನನಗೆ ಫೋನ್ ಮಾಡಿ ಹೇಳಿದಳು.

ಹಾಗಾಗಿ ಟೆಸ್ಟ್ ಡ್ರೈವಿಗೆ ಒಬ್ಬನೇ ಹೋಗಬೇಡ. ಅತ್ತಿಗೆಯನ್ನು ಕರೆದುಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕೂರಿಸು, ಎರಡೆರಡು ಸಲ ಹತ್ತಿಸಿ ಇಳಿಸು. ಮೊದಲ ಸಲ ಯಾರಾದರೂ ಹತ್ತುತ್ತಾರೆ, ಎರಡನೇ ಸಲ ಕೈ ಎಲ್ಲಿ ಆಧಾರ ಹುಡುಕುತ್ತದೆ ಅಂತ ನೋಡು. ಬಾಗಿಲಿನ ಚೌಕಟ್ಟಿಗೆ ತಲೆ ತಾಗುತ್ತದೆಯೇ, ಸೀಟು ಕುರ್ಚಿಯಷ್ಟು ಎತ್ತರವಿದೆಯೇ, ಮಗುವಿನ ಸೀಟನ್ನು ಐಸೋಫಿಕ್ಸ್ ಎಂಬ ಕೊಕ್ಕೆಗೆ ಸಿಕ್ಕಿಸಿದ ಮೇಲೆ ಅವಳಿಗೆ ಉಳಿಯುವ ಜಾಗ ಎಷ್ಟು. ಸೇಲ್ಸ್ ಹುಡುಗ ನಕ್ಕರೆ ನಗಲಿ, ವಾಕರನ್ನೂ ಒಯ್ದು ಡಿಕ್ಕಿಯಲ್ಲಿಟ್ಟು ಬಾಗಿಲು ಹಾಕಿ ನೋಡು.

ನನ್ನನ್ನು ಕೇಳಿದರೆ ಹೈಬ್ರಿಡ್. ತೆಂಗಿನಕಾಯಿ ಗೋಣಿಯನ್ನು ಬಸ್ಸಿಗೆ ಹಾಕಿ ಕಳಿಸುತ್ತೇನೆ, ವರ್ಷಕ್ಕೆ ಮೂರು ಸಲ ತಾನೇ. ಆದರೆ ಅತ್ತಿಗೆಗೆ ಹತ್ತಿ ಇಳಿಯಲು ಕಷ್ಟವಾದರೆ ನನ್ನ ಲೆಕ್ಕವನ್ನೆಲ್ಲ ಬದಿಗಿಟ್ಟು ಕ್ರೆಟಾ ತಗೋ. ಆಗಲೂ ಡೀಸೆಲ್ ಬೇಡ, ಪೆಟ್ರೋಲೇ ಇರಲಿ. ಇಂಧನಕ್ಕೆ ಹೆಚ್ಚು ಹೋಗುತ್ತದೆ, ಆದರೆ ಸಾಲ ಕಡಿಮೆಯಾಗುತ್ತದೆ.

ಡೆಲಿವರಿಗೆ ಮುಂಚೆ ಟೈರಿನ ಪಕ್ಕ ಬಗ್ಗಿ ನೋಡು, ನಾಲ್ಕು ಅಂಕಿ ಇರುತ್ತದೆ. 2325 ಅಂದರೆ 2025ರ ಇಪ್ಪತ್ಮೂರನೇ ವಾರ. ನಾನು ನನ್ನ ಮೊದಲ ಕಾರನ್ನು ಜನವರಿಯಲ್ಲಿ ತಗೊಂಡು ಹೂ ಹಾಕಿ ಪೂಜೆ ಮಾಡಿಸಿದೆ. ಅದು ತಯಾರಾಗಿದ್ದು ಹಿಂದಿನ ಜೂನಿನಲ್ಲಿ, ಏಳು ತಿಂಗಳು ಯಾರದ್ದೋ ಯಾರ್ಡಿನಲ್ಲಿ ಬಿಸಿಲು ಕಾಯಿಸಿಕೊಂಡಿತ್ತು. ಮಾರುವಾಗ ಕೊಳ್ಳುವವನು ತೋರಿಸಿದ ಮೇಲೇ ಗೊತ್ತಾದದ್ದು. ಊರವರ ಕೊಟೇಶನ್ನುಗಳನ್ನೆಲ್ಲ ಭೂತಗನ್ನಡಿ ಹಿಡಿದು ಓದುತ್ತಿದ್ದವಳು ನಾನು!

ಬಣ್ಣದ ವಿಷಯ ಅಪ್ಪಿತಪ್ಪಿಯೂ ನನ್ನನ್ನು ಕೇಳಬೇಡ, ನಿನ್ನ ಹೆಂಡತಿ ಆಗಲೇ ಫೋನ್ ಮಾಡಿ ತನ್ನ ಪಕ್ಷಕ್ಕೆ ಸೇರಿಸಿಕೊಂಡಿದ್ದಾಳೆ. ಶನಿವಾರ ಟೆಸ್ಟ್ ಡ್ರೈವ್ ಮುಗಿದ ಮೇಲೆ ಫೋನನ್ನು ಅತ್ತಿಗೆಯ ಕೈಗೆ ಕೊಡು.

ಇಂತಿ,
ನಿನ್ನ ಅತ್ತೆ